ಹತ್ತು ಕೇಳಿದರೆ ಹನ್ನೊಂದೇಕೆ?

ಇಳಕಲ್ಲಿನ ಶಾಲೆಯ ಹುಡುಗಿಯೊಬ್ಬಳು ಸೀರೆಯ ಚೌಕಡಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಲು ಹೊರಟಳೆಂದುಕೊಳ್ಳಿ. ‘ಸೊನ್ನೆಯಿಂದ ಶುರು ಮಾಡು, ಪ್ರತಿ ಸಲ 0.1 ಕೂಡಿಸು, 1ಕ್ಕಿಂತ ಕಡಿಮೆ ಇರುವವರೆಗೆ ಗೆರೆ ಎಳೆ’ ಎಂದು ಪೈಥಾನ್ ಭಾಷೆಯಲ್ಲಿ ಬರೆಯುತ್ತಾಳೆ. 0ಯಿಂದ 0.9ರವರೆಗೆ ಹತ್ತು ಗೆರೆಗಳು ಬರಬೇಕು. ಬರುವುದು ಹನ್ನೊಂದು! ಕೊನೆಯ ಗೆರೆ ಇರುವುದು 0.9999999999999999ರಲ್ಲಿ.

ಹುಡುಗಿಗೆ ಕೂಡುವ ಲೆಕ್ಕ ಗೊತ್ತು, ಯಂತ್ರವೂ ಕೆಟ್ಟಿಲ್ಲ. ಹಾಗಾದರೆ ಇದೇನು?

ಒಂದನ್ನು ಮೂರರಿಂದ ಭಾಗಿಸಿ ನೋಡಿ. 0.333... ಎಂದು ಮುಗಿಯದೆ ಸಾಗುತ್ತದೆ. ಎಲ್ಲೋ ಒಂದು ಕಡೆ ನಿಲ್ಲಿಸಿ ಮೂರು ಸಲ ಕೂಡಿಸಿದರೆ 0.999 ಬರುತ್ತದೆಯೇ ಹೊರತು 1 ಬರುವುದಿಲ್ಲ. ಕಂಪ್ಯೂಟರಿನ ಪಾಡೂ ಇದೇ. ಅದಕ್ಕೆ ಗೊತ್ತಿರುವುದು 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿ. ಅರ್ಧ, ಕಾಲು, ಅರೆಕಾಲು ಅದರಲ್ಲಿ ಸರಿಯಾಗಿ ಕೂರುತ್ತವೆ. ಹತ್ತನೆಯ ಒಂದು ಭಾಗ ಮಾತ್ರ 0.000110011... ಎಂದು ಕೊನೆಯಿಲ್ಲದೆ ಹೋಗುತ್ತದೆ. ಯಂತ್ರದಲ್ಲಿ ಜಾಗ ಸೀಮಿತ. ಆದ್ದರಿಂದ ಅದು ಹತ್ತಿರದ ಒಂದು ಸಂಖ್ಯೆಗೆ ತೃಪ್ತಿಪಡುತ್ತದೆ. ಒಂದು ಸಲದ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ಆದರೆ ಮತ್ತೆ ಮತ್ತೆ ಕೂಡಿಸುತ್ತ ಹೋದಾಗ ಮೊತ್ತ 1ಕ್ಕೆ ಕೂದಲೆಳೆಯಷ್ಟು ಕಡಿಮೆ ಉಳಿಯುತ್ತದೆ. ‘ಇನ್ನೂ ಒಂದಾಗಿಲ್ಲ’ ಎಂದು ಯಂತ್ರ ಇನ್ನೊಂದು ಗೆರೆ ಎಳೆಯುತ್ತದೆ.

ಸೀರೆಯಲ್ಲಿ ಒಂದು ಗೆರೆ ಹೆಚ್ಚಾದರೆ ಬಿಚ್ಚಿ ನೇಯಬಹುದು. ಎಲ್ಲ ಕಡೆಯೂ ಹಾಗಲ್ಲ. ಕೊಲ್ಲಿ ಯುದ್ಧದಲ್ಲಿ, 1991ರ ಫೆಬ್ರವರಿ 25ರಂದು, ಸೌದಿ ಅರೇಬಿಯಾದ ದಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ರಕ್ಷಣಾ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಭಾಗಗಳನ್ನು ಎಣಿಸಿ, 24 ದ್ವಿಮಾನ ಅಂಕಿಗಳಿಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಯಂತ್ರ ಸುಮಾರು ನೂರು ತಾಸು ಬಿಡುವಿಲ್ಲದೆ ಓಡಿದ್ದರಿಂದ ವ್ಯತ್ಯಾಸ 0.34 ಸೆಕೆಂಡಿಗೆ ಏರಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಯಂತ್ರ ತಪ್ಪು ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು.

ಪರಿಹಾರ ನಮ್ಮೂರಿನ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರು ಮೊದಲು ನಕ್ಷೆ ಬರೆದುಕೊಳ್ಳುವುದಿಲ್ಲ, ಅಳತೆಪಟ್ಟಿಯನ್ನೂ ಹಿಡಿಯುವುದಿಲ್ಲ. ಎಳೆಗಳನ್ನು ಎಣಿಸುತ್ತಾರೆ. ಎಳೆ ಎಂಬುದು ಪೂರ್ಣಾಂಕ. ಅಲ್ಲಿ ಅರ್ಧಂಬರ್ಧದ ಮಾತಿಲ್ಲ. ಕಂಪ್ಯೂಟರಿಗೂ 0ಯಿಂದ 9ರವರೆಗೆ ಪೂರ್ಣಾಂಕಗಳಲ್ಲೇ ಎಣಿಸಲು ಹೇಳಿ, ಬಂದ ಪ್ರತಿಯೊಂದನ್ನೂ 10ರಿಂದ ಭಾಗಿಸಲು ಹೇಳಬೇಕು. ಸಣ್ಣ ವ್ಯತ್ಯಾಸ ಆಗಲೂ ಇರಬಹುದು. ಆದರೆ ಒಂದರ ತಪ್ಪು ಇನ್ನೊಂದರ ಹೆಗಲೇರುವುದಿಲ್ಲ. ಗೆರೆಗಳು ಹತ್ತೇ ಬರುತ್ತವೆ.

ವಿದ್ಯಾರ್ಥಿಗಳೇ, ಮೊದಲು 0.1, ಆಮೇಲೆ 0.25 ಕೂಡಿಸುವಂತೆ ಕ್ರಮವಿಧಿ ಬರೆದು ನೋಡಿ. ಎರಡನೆಯದು ಏಕೆ ತಪ್ಪುವುದಿಲ್ಲ ಹೇಳಬಲ್ಲಿರಾ? ಪಾಲಕರೇ, ‘ಕಂಪ್ಯೂಟರ್ ಹೇಳಿತು’ ಎಂದು ಮಗು ಉತ್ತರ ತಂದಾಗ, ‘ನೀನು ಎಣಿಸಿ ನೋಡಿದೆಯಾ?’ ಎಂದು ಒಮ್ಮೆ ಕೇಳಿ.