ಲೋಹ ಕೊಟ್ಟಿತು, ಅಲೋಹ ಪಡೆಯಿತು: ಅಷ್ಟೇನಾ?

ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಬರುವ ಮಕ್ಕಳ ನಾಲಿಗೆ ತುದಿಯಲ್ಲೇ ಉತ್ತರ ಇರುತ್ತದೆ. ಲೋಹ ಎಲೆಕ್ಟ್ರಾನ್ ಕೊಟ್ಟು ಅಲೋಹ ಪಡೆದರೆ ಅಯಾನಿಕ ಬಂಧ, ಹಂಚಿಕೊಂಡರೆ ಸಹವೇಲೆನ್ಸೀಯ ಬಂಧ. ಅಯಾನಿಕ ವಸ್ತುಗಳು ನೀರಿನಲ್ಲಿ ಕರಗುತ್ತವೆ, ಅವನ್ನು ಕಾಯಿಸಿ ಕರಗಿಸುವುದು ಕಷ್ಟ. ಇಷ್ಟು ಬರೆದರೆ ಅಂಕಕ್ಕೆ ಮೋಸವಿಲ್ಲ. ರಸಾಯನಶಾಸ್ತ್ರ ಕಲಿಸುವ ನನಗೆ ಈ ಪಾಠದ ಬಗ್ಗೆ ತಕರಾರಿಲ್ಲ. ಅದೇ ಕೊನೆಯ ಮಾತು ಎಂಬಂತೆ ಕಲಿಸುವುದರ ಬಗ್ಗೆ ಇದೆ.

ಸಾಲ್ಟ್ ಅನಾಲಿಸಿಸ್ ಮಾಡಿಸುವ ದಿನ ಮೂರು ಪ್ರನಾಳಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ ದ್ರಾವಣ ಇಟ್ಟು, ಸಿಲ್ವರ್ ನೈಟ್ರೇಟ್ ಹನಿಸಿ ನೋಡಿ. ಮೊದಲನೆಯದರಲ್ಲಿ ಮೊಸರಿನಂಥ ಬಿಳಿ ಪ್ರಕ್ಷೇಪ, ಎರಡನೆಯದರಲ್ಲಿ ತಿಳಿ ಹಳದಿ, ಮೂರನೆಯದರಲ್ಲಿ ಅಚ್ಚ ಹಳದಿ. ಅಮೋನಿಯಾ ಹಾಕಿದರೆ ಬಿಳಿಯದು ಕರಗುತ್ತದೆ, ತಿಳಿ ಹಳದಿಯದು ಅರೆಬರೆ ಕರಗುತ್ತದೆ, ಅಚ್ಚ ಹಳದಿಯದು ಜಪ್ಪಯ್ಯ ಅಂದರೂ ಕರಗುವುದಿಲ್ಲ. ಬೆಳ್ಳಿಯೂ ಲೋಹ, ಸೋಡಿಯಮ್ಮೂ ಲೋಹ. ಅಡುಗೆ ಉಪ್ಪು ನೀರಿನಲ್ಲಿ ಕರಗುವಾಗ ಸಿಲ್ವರ್ ಕ್ಲೋರೈಡ್ ಏಕೆ ತಳಕ್ಕೆ ಕೂತಿತು?

ಪೋಲೆಂಡ್ ಮೂಲದ ವಿಜ್ಞಾನಿ ಕಾಜಿಮಿಯರ್ಜ್ ಫಾಜನ್ಸ್ 1923ರಲ್ಲಿ ಕೊಟ್ಟ ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. ಧನ ಅಯಾನು ಚಿಕ್ಕದಾಗಿ, ಅದರ ಆವೇಶ ಹೆಚ್ಚಿದಷ್ಟೂ ಎದುರಿನ ಋಣ ಅಯಾನಿನ ಎಲೆಕ್ಟ್ರಾನುಗಳನ್ನು ತನ್ನತ್ತ ಜಗ್ಗುತ್ತದೆ. ಋಣ ಅಯಾನು ದೊಡ್ಡದಾದಷ್ಟೂ ಸುಲಭವಾಗಿ ಮಣಿಯುತ್ತದೆ. ಕೊಟ್ಟದ್ದು ಪೂರ್ತಿ ಕೊಟ್ಟಂತಾಗದೆ, ಅಯಾನಿಕ ಬಂಧದಲ್ಲೂ ಹಂಚಿಕೆ ಸೇರಿಕೊಳ್ಳುತ್ತದೆ. ಬೆಳ್ಳಿಯ ಅಯಾನು ಗಾತ್ರದಲ್ಲಿ ಸೋಡಿಯಮ್ಮಿನದಕ್ಕಿಂತ ತುಸು ದೊಡ್ಡದೇ. ಆದರೆ ಅದರ ಹೊರಕವಚದಲ್ಲಿರುವ 18 ಎಲೆಕ್ಟ್ರಾನುಗಳು ಬೀಜಕೇಂದ್ರದ ಸೆಳೆತವನ್ನು ಸರಿಯಾಗಿ ಮರೆಮಾಡವು. ಹಾಗಾಗಿ ಅದರ ಎಳೆತ ಜೋರು, ಬಂಧದಲ್ಲಿ ಹಂಚಿಕೆ ಹೆಚ್ಚು; ಸಿಲ್ವರ್ ಕ್ಲೋರೈಡ್ ನೀರಿನಲ್ಲಿ ಕರಗದೆ ತಳಕ್ಕೆ ಕೂರುವುದು ಅದಕ್ಕೇ. ಋಣ ಅಯಾನಿನ ಗಾತ್ರದ ಪರಿಣಾಮಕ್ಕೂ ಒಂದು ಉದಾಹರಣೆ ನೋಡಿ. ಅಲ್ಯೂಮಿನಿಯಂ ಫ್ಲೋರೈಡ್ ಆವಿಯಾಗಲು ಸುಮಾರು 1,290 ಡಿಗ್ರಿ ಸೆಲ್ಸಿಯಸ್ ಬೇಕು, ಅದೇ ಲೋಹದ ಕ್ಲೋರೈಡಿಗೆ ಸುಮಾರು 180 ಸಾಕು. ಫ್ಲೋರೈಡ್ ಅಯಾನು ಚಿಕ್ಕದು, ಮಣಿಯದು. ಕ್ಲೋರೈಡ್ ದೊಡ್ಡದು, ಮಣಿಯುತ್ತದೆ.

ಇಷ್ಟು ಸೊಗಸಾದ ವಿಷಯ ಪಿಯುಸಿ ಪುಸ್ತಕದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಕೋಚಿಂಗ್ ತರಗತಿಗಳಲ್ಲಂತೂ ಅದು ‘ಏರಿಕೆ ಕ್ರಮದಲ್ಲಿ ಜೋಡಿಸಿ’ ಎಂಬ ಬಹುಆಯ್ಕೆ ಪ್ರಶ್ನೆ. ಕ್ರಮ ಬಾಯಿಪಾಠ ಮಾಡಿದ ಹುಡುಗನೇ ಲ್ಯಾಬಿನಲ್ಲಿ ಹಳದಿ ಪ್ರಕ್ಷೇಪ ಕಂಡಾಗ ರೆಕಾರ್ಡ್ ಪುಸ್ತಕದಲ್ಲಿ ‘ಅಯೋಡೈಡ್ ಖಚಿತ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಎರಡೂ ಒಂದೇ ಕಥೆ ಎಂದು ಅವನಿಗೆ ಯಾರೂ ಹೇಳಿಲ್ಲ.

ಪಠ್ಯ ಬದಲಾಗುವವರೆಗೆ ಕಾಯಬೇಕಿಲ್ಲ. ಹತ್ತನೇ ತರಗತಿಯ ಮೇಷ್ಟ್ರುಗಳು ‘ಯಾವ ಬಂಧವೂ ನೂರಕ್ಕೆ ನೂರು ಅಯಾನಿಕವಲ್ಲ’ ಎಂಬ ಒಂದು ವಾಕ್ಯ ಸೇರಿಸಲಿ. ಪಿಯುಸಿ ಉಪನ್ಯಾಸಕರು ಬಂಧದ ಪಾಠವನ್ನು ಆ ಮೂರು ಪ್ರನಾಳಗಳಿಂದಲೇ ಶುರುಮಾಡಲಿ. ಪ್ರಶ್ನೆಪತ್ರಿಕೆ ಮಾಡುವವರು ‘ಯಾವುದು’ ಎಂದು ಕೇಳುವ ಕಡೆ ಒಮ್ಮೆಯಾದರೂ ‘ಏಕೆ’ ಎಂದು ಕೇಳಲಿ.