ಹಾಲಿನ ಪಾಸ್‌ಬುಕ್ ಯಾರ ಹೆಸರಿನಲ್ಲಿದೆ?

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ರಸ್ತೆಗಳು ಹೇಗಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಗಲು ರಾತ್ರಿ ಓಡುತ್ತವೆ. ಎಷ್ಟೋ ಟ್ರೇಲರ್‌ಗಳ ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಅದೇ ರಸ್ತೆಯಲ್ಲಿ ಕ್ಯಾನ್ ಹಿಡಿದು ಬೈಕಿನ ಹಿಂದೆ ಕುಳಿತು ಡೈರಿಗೆ ಹೋಗುವವರು ನೀವು.

ಅಪಘಾತವಾದರೆ ನಮ್ಮಲ್ಲಿ ನಡೆಯುವುದೇನು? ನಾಲ್ಕು ಜನ ಹಿರಿಯರು ಕೂಡುತ್ತಾರೆ. "ನಮ್ಮೂರವರೇ ಅದಾರ, ಕೇಸ್ ಯಾಕ ಬೇಕು?" ಎಂದು ಹತ್ತಿಪ್ಪತ್ತು ಸಾವಿರ ಕೈಗಿಟ್ಟು ರಾಜಿ ಮಾಡಿಸುತ್ತಾರೆ. ಆಮೇಲೆ ಕಾಲಿಗೆ ರಾಡ್ ಹಾಕಿಸಲು ಎಮ್ಮೆ ಮಾರಬೇಕಾಗುತ್ತದೆ. ಆ ರಾಜಿಗೆ ಒಪ್ಪಬೇಡಿ. ವಾಹನಕ್ಕೆ ಸರಿಯಾದ ವಿಮೆ ಇದ್ದರೆ ಸಾಮಾನ್ಯವಾಗಿ ಪರಿಹಾರ ಕೊಡುವುದು ವಿಮಾ ಕಂಪನಿ, ಊರಿನ ಮಾಲೀಕನಲ್ಲ.

ಇನ್ನೊಂದು ತಪ್ಪು ನಮ್ಮ ಬಾಯಿಂದಲೇ ಆಗುತ್ತದೆ. ಪೊಲೀಸರು "ಉದ್ಯೋಗ ಏನು?" ಎಂದು ಕೇಳಿದಾಗ ಮನೆಯವರು "ಏನಿಲ್ಲರೀ, ಮನ್ಯಾಗ ಇರ್ತಾಳ" ಎನ್ನುತ್ತಾರೆ. ನಾಲ್ಕು ಎಮ್ಮೆ ಸಾಕಿದವಳು ಕಾಗದದಲ್ಲಿ ಏನೂ ದುಡಿಯದವಳಾಗುತ್ತಾಳೆ.

ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡಿ. ವಯಸ್ಸು 38, ದುಡಿಯುವ ಶಕ್ತಿಯಲ್ಲಿ ಶೇ. 30ರಷ್ಟು ನಷ್ಟ ಎಂದುಕೊಳ್ಳೋಣ. ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದ ಕೋಷ್ಟಕದಂತೆ ಆ ವಯಸ್ಸಿಗೆ 15 ವರ್ಷದ ಗುಣಕ. ತಿಂಗಳ ಆದಾಯ 6,000 ಎಂದು ಹಿಡಿದರೆ 3,24,000 ರೂಪಾಯಿ. 12,000 ಎಂದು ಹಿಡಿದರೆ 6,48,000 ರೂಪಾಯಿ. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಬೇರೆ.

ಮನೆಗೆಲಸಕ್ಕೂ ಬೆಲೆ ಇದೆ ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಹೇಳಿತು. ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆಂಬ 2019ರ ಸಮೀಕ್ಷೆಯನ್ನು ಆ ತೀರ್ಪಿನಲ್ಲಿ ಉಲ್ಲೇಖಿಸಲಾಗಿದೆ. 2014ರಲ್ಲಿ ನಮ್ಮ ರಾಜ್ಯದ ಒಬ್ಬ ಕಾಯಿಪಲ್ಲೆ ವ್ಯಾಪಾರಿಯ ಪ್ರಕರಣವೂ ಹಾಗೆಯೇ. ಅಪಘಾತದಲ್ಲಿ ಕಾಲು ಕಳೆದುಕೊಂಡವನ ಆದಾಯವನ್ನು ಹೈಕೋರ್ಟ್ 3,500 ಎಂದು ಹಿಡಿದಿತ್ತು. ಸುಪ್ರೀಂ ಕೋರ್ಟ್ 6,500 ಮಾಡಿತು. ಕುಳಿತು ಮಾರುವುದಷ್ಟೇ ಅವನ ಕೆಲಸವಲ್ಲ, ಸಗಟು ಮಾರುಕಟ್ಟೆಗೆ ಹೋಗಿ ಮಾಲು ತರಬೇಕು ಎಂದು ನೋಡಿ ಶೇ. 85ರಷ್ಟು ನಷ್ಟ ಎಂದು ಎಣಿಸಿತು. ನಿಮ್ಮ ಕೆಲಸವೂ ಹಿಂಡುವುದಷ್ಟೇ ಅಲ್ಲ. ಮೇವು ಕೊಯ್ಯಬೇಕು, ಹೊರೆ ಹೊರಬೇಕು, ಸಗಣಿ ಬಾಚಬೇಕು, ಕುಕ್ಕರಗಾಲಲ್ಲಿ ಕೂರಬೇಕು. ಮೊಣಕಾಲು ಹೋದರೆ ಇದರಲ್ಲಿ ಯಾವುದು ಆಗುತ್ತದೆ?

ಆದರೆ ಇದನ್ನು ತೋರಿಸಲು ಕಾಗದ ಬೇಕು. ಹೈನು ನೀವು ಮಾಡಿ, ಸಂಘದ ಸದಸ್ಯತ್ವ ಯಜಮಾನರ ಹೆಸರಿನಲ್ಲಿದ್ದರೆ ಆ ದುಡಿಮೆ ಕೋರ್ಟಿಗೆ ಕಾಣುವುದು ಕಷ್ಟ. ನಿಮ್ಮ ಹೆಸರಿನ ಪಾಸ್‌ಬುಕ್, ಬ್ಯಾಂಕಿಗೆ ಬಿದ್ದ ಬಟವಾಡೆ, ಸಂಘದ ಹಾಲಿನ ಲೆಕ್ಕ ಇವೇ ನಿಮ್ಮ ಸಂಬಳದ ಚೀಟಿ. ಹಿಂಡಿ-ಮೇವಿನ ಖರ್ಚನ್ನು ಕಳೆಯುತ್ತಾರೆ, ನಿಜ. ಅದಕ್ಕೇ ಆ ಲೆಕ್ಕವನ್ನೂ ಇಟ್ಟಿರಿ. ಮಲಗಿದ ದಿನಗಳಲ್ಲಿ ಆಳು ಇಟ್ಟಿದ್ದರೆ ಕೂಲಿ ಬರೆದಿಡಿ.

ಅಪಘಾತವಾದರೆ ಮೊದಲು 112ಕ್ಕೆ ಕರೆ ಮಾಡಿ. 2025ರ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ಉದ್ಯೋಗದ ಕಾಲಂನಲ್ಲಿ "ಹೈನುಗಾರಿಕೆ ಮತ್ತು ಮನೆಗೆಲಸ" ಎಂದು ಬರೆಸಿರಿ. ಬಿಲ್ಲು, ಎಕ್ಸ್‌ರೇ, ಡಿಸ್‌ಚಾರ್ಜ್ ಚೀಟಿ ಬಿಸಾಡಬೇಡಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು; ನೀವು ವಾಸಿಸುವ ಕಡೆಯೇ ಹಾಕಬಹುದು. ಗುದ್ದಿದ ವಾಹನ ಪತ್ತೆಯಾಗದಿದ್ದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಮನೆಯ ಬೈಕಿನ ವಿಮೆಯನ್ನೂ ಇವತ್ತೇ ನೋಡಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದು ಬೈಕ್ ತಾನಾಗಿ ಸ್ಕಿಡ್ ಆದರೆ, ಹಿಂದೆ ಕುಳಿತ ನಿಮಗೆ ಕಂಪನಿಯಿಂದ ಪರಿಹಾರ ಸಿಗುವುದು ಕಷ್ಟ. ಪ್ಯಾಕೇಜ್ ಪಾಲಿಸಿ ಮಾಡಿಸಲು ಹೇಳಿ. ಓಡಿಸುವವರಿಗೆ ಲೈಸೆನ್ಸ್ ಇರಲಿ, ಹೆಲ್ಮೆಟ್ ಇಬ್ಬರಿಗೂ ಇರಲಿ.

ಸಂಘದ ಆಡಳಿತ ಮಂಡಳಿಗಳಿಗೂ ಒಂದು ಮಾತು: ಎಮ್ಮೆ ಸಾಕುವವಳನ್ನೇ ಸದಸ್ಯಳನ್ನಾಗಿ ಮಾಡಿ, ಕೇಳಿದಾಗ ವರ್ಷದ ಹಾಲಿನ ಲೆಕ್ಕವನ್ನು ಸಹಿ-ಸಿಕ್ಕಾ ಹಾಕಿ ಕೊಡಿ. ಅಕ್ಕ-ತಂಗಿಯರೇ, ನಾಳೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರನ್ನು ಕೇಳಿ: ಈ ಪಾಸ್‌ಬುಕ್ ಯಾರ ಹೆಸರಿನಲ್ಲಿದೆ?