ಮೂರು ಬಣ್ಣದ ಮರಿ ಯಾರಿಗೂ ಬ್ಯಾಡಂತ

ಬೆಕ್ಕು ಸಾಕಬೇಕು ಅಂತ ನಾನು ಮೊದಲು ಹುಡುಕಿದ್ದು ಬೆಂಗಳೂರಿನಲ್ಲಿ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಹಾಸಿಗೆಯಲ್ಲಿ ಬಿದ್ದುಕೊಂಡು, ಫೋನಿನಲ್ಲಿ. ಒಂಟಿಯಾಗಿ ಇರೋರಿಗೆ ಬೆಕ್ಕು ಒಳ್ಳೇದು, ನಾಯಿಯಷ್ಟು ಕಾಟ ಇಲ್ಲ ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದರು. ಒಂದು ಸಂಸ್ಥೆಯ ದತ್ತು ಫಾರ್ಮ್ ಸಿಕ್ಕಿತು. ತುಂಬಲು ಕೂತೆ.

ಸ್ವಂತ ಮನೆಯೋ, ಬಾಡಿಗೆಯೋ? ಮಾಲೀಕರ ಒಪ್ಪಿಗೆ ಇದೆಯಾ? ಬಾಲ್ಕನಿಗೆ ಬಲೆ ಹಾಕಿಸಿದ್ದೀರಾ, ಫೋಟೊ ಕಳಿಸಿ. ದಿನಕ್ಕೆ ಎಷ್ಟು ಗಂಟೆ ಮನೆಯಲ್ಲಿರುತ್ತೀರಿ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮದುವೆಯಾದ ಮೇಲೆ ಬೆಕ್ಕನ್ನು ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆ ಓದಿ ಸಿಟ್ಟೇ ಬಂತು. ನಮ್ಮ ಕಡೆ ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುವುದಿಲ್ಲ. ಚಿಂಚೋಳಿಯಲ್ಲಿ ಬೆಕ್ಕು ಬೇಕು ಅಂದರೆ ಯಾರಾದರೂ ತಂದು ಅಂಗಳಕ್ಕೆ ಬಿಟ್ಟು ಹೋಗುತ್ತಾರೆ, ಚಹಾ ಸಹ ಕೇಳುವುದಿಲ್ಲ. ಫಾರ್ಮ್ ಅರ್ಧಕ್ಕೇ ಬಿಟ್ಟೆ. ಶನಿವಾರ ಪೆಟ್ ಶಾಪಿಗೆ ಹೋಗಿ ಪರ್ಷಿಯನ್ ಮರಿ ನೋಡಿ ಬರೋಣ ಅಂದುಕೊಂಡೆ. ಆ ಶನಿವಾರಕ್ಕೆ ಮೊದಲೇ ಎಳ್ಳ ಅಮಾವಾಸ್ಯೆ ಬಂತು, ಊರಿಗೆ ಹೋದೆ.

ಕಟ್ಟಿಗೆಯೊಳಗೆ ಮೂರು ಮರಿ

ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದ ಮರುದಿನ ಬೆಳಿಗ್ಗೆ ಅವ್ವ ಹಿತ್ತಲಿಂದ ಕೂಗಿದಳು. "ಯವ್ವಾ, ಇಲ್ಲಿ ಬಾ. ಕಟಗಿ ಒಳಗ ಏನೋ ಒದರ್ಲತ್ತದ."

ಒಲೆಗೆಂದು ಒಟ್ಟಿದ್ದ ತೊಗರಿ ಕಟ್ಟಿಗೆಯ ಸಂದಿಯಲ್ಲಿ ಮೂರು ಮರಿಗಳು. ಒಂದು ಕೇಸರಿ, ಒಂದು ಕಪ್ಪು, ಇನ್ನೊಂದಕ್ಕೆ ಬಿಳಿ ಮೈಮೇಲೆ ಕಪ್ಪು-ಕೇಸರಿ ತೇಪೆ. ಕಣ್ಣು ಬಿಟ್ಟಿದ್ದವು, ಮೂರರದೂ ನೀಲಿ. ತಾಯಿ ಕಾಣಲಿಲ್ಲ.

ಅಪ್ಪ ಬಂದು ಒಮ್ಮೆ ಬಗ್ಗಿ ನೋಡಿದರು. "ಒಂದ್ ಚೀಲ ಕೊಡು. ಸಂಜಿಕ ಹೊಳಿ ಆಚಿ ಬಿಟ್ಟು ಬರ್ತೀನಿ."

ಆ ಚೀಲ ನನಗೆ ಗೊತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಗಾಡಿಯ ಹಿಂದೆ ಕೂತು ಅಂಥದ್ದೇ ಗೊಬ್ಬರದ ಚೀಲ ಹಿಡಿದುಕೊಂಡಿದ್ದೆ. ಒಳಗೆ ನಾಲ್ಕು ಮರಿ. ಚೀಲ ತೊಡೆಯ ಮೇಲೆ ಬೆಚ್ಚಗೆ ಮಿಸುಕಾಡುತ್ತಿತ್ತು. ಮುಲ್ಲಾಮಾರಿ ದಾಟಿ, ರಸ್ತೆ ಪಕ್ಕ ಬಾಯಿ ಬಿಚ್ಚಿಟ್ಟು ಬಂದೆವು. ಆಮೇಲೆ ಮೂರು ದಿನ ತಾಯಿ ಬೆಕ್ಕು ಮನೆಯ ಮೂಲೆ ಮೂಲೆಗೂ ಹೋಗಿ ಕರೆಯಿತು. ಜೋಳದ ಚೀಲದ ಹಿಂದೆ, ಕಪಾಟಿನ ಮೇಲೆ, ನನ್ನ ಹಾಸಿಗೆಯ ಹತ್ತಿರ. ನಾನು ಕೌದಿ ತಲೆಗೆ ಎಳೆದುಕೊಂಡು ಮಲಗುತ್ತಿದ್ದೆ.

ಅಪ್ಪ ಕೆಟ್ಟವರಲ್ಲ. ಎತ್ತಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂರುವ ಮನುಷ್ಯ. ಊರಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು, ಇವರೂ ಮಾಡಿದರು.

ಈ ಸಲ "ಬ್ಯಾಡಪ್ಪ" ಅಂದೆ. "ಹಂಗಾರ ನೀನೇ ನೋಡ್ಕೊ" ಅಂತ ಹೊಲಕ್ಕೆ ಹೋದರು.

ಜೋಳದ ಹಿಟ್ಟಿನ ಪರೀಕ್ಷೆ

ನೋಡಿಕೊಳ್ಳೋದು ಅಂದರೆ ಹಾಲು ಕುಡಿಸೋದು ಅಂತಲೇ ನಾನು ತಿಳಿದಿದ್ದೆ. ಆಕಳ ಹಾಲು ಬೆಚ್ಚಗೆ ಮಾಡಿ, ಡ್ರಾಪರ್ ತೊಳೆದಿಟ್ಟು, ಅಷ್ಟರಲ್ಲಿ ಹೈಸ್ಕೂಲ್ ಗೆಳತಿಗೆ ವಿಡಿಯೊ ಕಾಲ್ ಮಾಡಿದೆ. ಆಕೆ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವಳು.

"ಆ ಹಾಲು ನೀನೇ ಕುಡಿ," ಅಂದಳು. "ಮೊದಲು ಕೈ ಹಿಂದಕ್ಕ ತಗೋ."

ಆಕೆ ಹೇಳಿದ್ದು ಇಷ್ಟು. ಮರಿ ಒಂಟಿಯಾಗಿ ಕಂಡರೆ ತಾಯಿ ಬಿಟ್ಟುಹೋಗಿದೆ ಅಂತಲ್ಲ, ಬೇಟೆಗೆ ಹೋಗಿರುತ್ತದೆ. ಗಂಟೆಗಟ್ಟಲೆ ಬಾರದೆಯೂ ಇರಬಹುದು. ಮರಿಗಳು ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಬಿದ್ದು ಮಲಗಿದ್ದರೆ ತಾಯಿ ಇದೆ ಅಂತಲೇ ಲೆಕ್ಕ. ಮೈ ತಣ್ಣಗಾಗಿ, ಒಂದೇ ಸಮ ಅಳುತ್ತಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ತಕ್ಷಣ ಎತ್ತಿಕೊಳ್ಳಬೇಕು. ಆಗಲೂ ಮೊದಲು ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಕಾಯಿಸಬೇಕು, ಆಹಾರ ಆಮೇಲೆ. ತಣ್ಣಗಾದ ಮರಿಗೆ ಜೀರ್ಣ ಆಗುವುದಿಲ್ಲ. ಆಕಳ ಹಾಲು ಬಹಳಷ್ಟು ಮರಿಗಳಿಗೆ ಭೇದಿ ಮಾಡುತ್ತದೆ. ಅಷ್ಟು ಸಣ್ಣ ಜೀವಕ್ಕೆ ಭೇದಿಯೇ ಸಾಕು. ಔಷಧಿ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ಕುಡಿಸುವಾಗ ಮಗುವಿನಂತೆ ಅಂಗಾತ ಹಿಡಿಯಬಾರದು, ಹೊಟ್ಟೆ ಕೆಳಗಿರಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತಿತ್ತಲ್ಲ, ಆ ಕಥೆ ಕೇಳಿ ನಾವೆಲ್ಲ ನಕ್ಕಿದ್ದೇವೆ. ಈಗ ಅನ್ನಿಸುತ್ತದೆ, ಅದಕ್ಕೆ ನಮಗಿಂತ ಹೆಚ್ಚು ಗೊತ್ತಿತ್ತು.

"ತಾಯಿ ಬರ್ತದೋ ಇಲ್ಲೋ ಹೆಂಗ ಗೊತ್ತಾಗಬೇಕು?" ಅಂದೆ.

"ಸುತ್ತ ಹಿಟ್ಟು ಉದುರಿಸಿ ಒಳಗ ಹೋಗಿ ಮಕ್ಕೋ."

ಅವ್ವ ಜೋಳದ ಹಿಟ್ಟು ಕೊಟ್ಟಳು. "ಬೆಕ್ಕಿಗಿ ರಂಗೋಲಿ ಹಾಕೋದು ಇದೇ ಮೊದಲು" ಅಂತ ನಕ್ಕಳು. ಜನವರಿಯ ಚಳಿ, ರಾತ್ರಿ ಎರಡು ಸಲ ಎದ್ದು ಕಿಟಕಿಯಿಂದ ನೋಡಿದೆ, ಏನೂ ಕಾಣಲಿಲ್ಲ. ಬೆಳಿಗ್ಗೆ ಶಹಾಬಾದಿ ಪರಸಿಯ ಮೇಲೆ ಬಂದದ್ದು, ಹೋದದ್ದು, ಮತ್ತೆ ಬಂದದ್ದು, ಮೂರು ಸಾಲು ಹೆಜ್ಜೆ. ತಾಯಿ ಇದ್ದಳು.

ಅದೇ ದಿನ ನಾವು ಕಟ್ಟಿಗೆ ಎಳೆದಾಡಿದ್ದಕ್ಕೋ ಏನೋ, ಮರಿಗಳನ್ನು ಕತ್ತು ಹಿಡಿದು ಕೊಟ್ಟಿಗೆಯ ಅಟ್ಟಕ್ಕೆ ಸಾಗಿಸಿತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುತ್ತಾರೆ. ಅದು ಸೇಫ್ಟಿ ಆಡಿಟ್ ಅಷ್ಟೆ.

ಒಂದು ಎಚ್ಚರಿಕೆ, ನಮ್ಮ ತಾಲ್ಲೂಕಿನವರಿಗೆ ಮುಖ್ಯವಾಗಿ. ನಮ್ಮದು ಕಾಡಿನ ಅಂಚು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ ಇಲ್ಲೇ ಇದೆ. ತೊಗರಿ ಕೊಯ್ಯುವಾಗ, ಕಬ್ಬು ಕಡಿಯುವಾಗ ಸಿಗುವ ಮರಿ ಮನೆ ಬೆಕ್ಕಿನದೇ ಆಗಬೇಕಿಲ್ಲ, ಕಾಡುಬೆಕ್ಕಿನದೂ ಇರಬಹುದು. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮನೆಗೆ ತರುವಂತಿಲ್ಲ. ಅನುಮಾನ ಬಂದರೆ ಇದ್ದಲ್ಲೇ ಬಿಟ್ಟು ದೂರ ಸರಿಯಿರಿ, ಅರಣ್ಯ ಇಲಾಖೆಗೆ ತಿಳಿಸಿ. ಹಾಗೆಯೇ ಬೇಡವಾದ ಮನೆ ಬೆಕ್ಕನ್ನು "ಕಾಡಿನಾಗ ಬದುಕ್ಕೋತದ" ಅಂತ ಅಲ್ಲಿ ಬಿಡುವುದೂ ತಪ್ಪು. ಅದರ ರೋಗ ಕಾಡುಬೆಕ್ಕಿಗೆ ಹೋಗುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು-ನೀರಡಿಕೆಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಯಾರಿಗೆ ಯಾವುದು?

ಮರಿಗಳನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಬೇಡ, ಹನ್ನೆರಡಾದರೆ ಇನ್ನೂ ಒಳ್ಳೇದು ಅಂದಿದ್ದಳು ಗೆಳತಿ. ಮಲ ಮುಚ್ಚುವುದು, ಆಟದಲ್ಲಿ ಎಷ್ಟು ಕಚ್ಚಬೇಕು ಅನ್ನುವುದನ್ನೆಲ್ಲ ಅವು ತಾಯಿ, ಒಡಹುಟ್ಟಿದವರ ಹತ್ತಿರವೇ ಕಲಿಯುವುದು. ನಾನು ಬೆಂಗಳೂರಿಗೆ ವಾಪಸ್ ಬಂದೆ. ತಮ್ಮ ದಿನಾ ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಿದ್ದ.

ಶಿವರಾತ್ರಿಗೆ ಹೋಗುವಷ್ಟರಲ್ಲಿ ಮರಿಗಳಿಗೆ ಎಂಟು ವಾರ ದಾಟಿತ್ತು. ಕೇಸರಿ ಮರಿಗೆ ಮೊದಲೇ ಗಿರಾಕಿ ಇದ್ದರು. ಪರಿಚಯದ ದಾಲ್ ಮಿಲ್ಲಿನವರು. ಇಲಿ ಕಾಟ ಅವರಿಗೆ, "ಗಂಡ್ ಮರಿ ಹೌದಲ್ಲ?" ಅಂತ ಎರಡು ಸಲ ಕೇಳಿ ಒಯ್ದರು. ಕಪ್ಪು ಮರಿ ಅಪಶಕುನ ಅಂತ ನಾಲ್ಕು ಮನೆಯವರು ಬೇಡ ಅಂದರು. ಹಿಂದಿನ ಓಣಿಯ ಖಾಲಾ ಮಾತ್ರ ಒಂದೂ ಮಾತಾಡದೆ ಸೆರಗಿನಲ್ಲಿ ಸುತ್ತಿಕೊಂಡರು. ಅವರ ಮನೆಯಲ್ಲಿ ಬೆಕ್ಕಿಗೆ ಮೊದಲಿನಿಂದಲೂ ಮರ್ಯಾದೆ. ಪ್ರವಾದಿಯವರ ಸಂಗಾತಿಯೊಬ್ಬರಿಗೆ ಅಬೂ ಹುರೈರಾ, ಅಂದರೆ ಬೆಕ್ಕಿನ ಮರಿಯ ಅಪ್ಪ ಅಂತಲೇ ಹೆಸರಿತ್ತು ಅಂತ ಖಾಲಾ ಹೇಳಿಯೇ ನನಗೆ ಗೊತ್ತಾದದ್ದು.

ಉಳಿದದ್ದು ಮೂರು ಬಣ್ಣದ್ದು. ಅದನ್ನು ನೋಡಿದವರೆಲ್ಲ ಮುದ್ದು ಮಾಡಿದರು, ಬಾಲ ಎತ್ತಿ ನೋಡಿ ಕೆಳಗಿಟ್ಟರು. "ಹೆಣ್ಣದ. ವರ್ಷಕ್ಕ ಎರಡ್ ಸಲ ಈಯ್ತದ, ಯಾರ್ ನೋಡ್ಬೇಕ್ರಿ?"

ಬಾಲ ಎತ್ತುವುದೂ ಬೇಕಿರಲಿಲ್ಲ. ಬೆಕ್ಕಿನ ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಕಪ್ಪು, ಕೇಸರಿ ಎರಡೂ ಕಾಣಬೇಕಾದರೆ ಎರಡು ಎಕ್ಸ್ ಬೇಕು, ಹಾಗಾಗಿ ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಆ ಜೀನ್ ಯಾವುದು ಅಂತ ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಖಚಿತವಾಗಿ ಪ್ರಕಟಿಸಿದ್ದು 2025ರಲ್ಲಿ. ಅದೇ ಜಪಾನಿನಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕೈ ಎತ್ತಿ ಕೂರುವ ಅದೃಷ್ಟದ ಬೆಕ್ಕಿನ ಬೊಂಬೆ ಹೆಚ್ಚಾಗಿ ಮೂರು ಬಣ್ಣದ್ದು. ಚಿಂಚೋಳಿಯಲ್ಲಿ ಅದು ಯಾರಿಗೂ ಬೇಡ.

ಅವರ ಮಾತಿನಲ್ಲಿ ಸುಳ್ಳಿಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು, ಎರಡು ತಿಂಗಳಲ್ಲಿ ಈಯುತ್ತದೆ. ಚೀಲಕ್ಕೆ ಕೆಲಸ ಬರುವುದು ಅಲ್ಲಿಂದಲೇ. ಅದನ್ನು ನಿಲ್ಲಿಸುವುದು ಒಂದು ಆಪರೇಷನ್. ಮರಿಗಿನ್ನೂ ವಯಸ್ಸಾಗಿರಲಿಲ್ಲ, ಐದಾರು ತಿಂಗಳು ತುಂಬಬೇಕು. ಆದರೆ ತಾಯಿಗೆ ಈಗಲೇ ಆಗಬೇಕಿತ್ತು, ತಡ ಮಾಡಿದರೆ ಮತ್ತೊಂದು ಸೂಲು ಗ್ಯಾರಂಟಿ. ಗೆಳತಿ ಬೀದರಿನ ಕಾಲೇಜಿನ ಆಸ್ಪತ್ರೆಗೆ ಕರೆತರಲು ಹೇಳಿದಳು.

ಅಟ್ಟದ ಮೇಲೆ ಅನ್ನ ಇಟ್ಟು, ಮಾವಿನ ಹಣ್ಣಿನ ಹಳೇ ಬುಟ್ಟಿಯಲ್ಲಿ ತಾಯಿಯನ್ನು ಹಿಡಿದವರು ಅಪ್ಪ. ಬಸ್ಸಿನಲ್ಲಿ ಸುಮಾರು ಎರಡು ತಾಸು ಆ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತವರೂ ಅವರೇ. ದಾರಿಯುದ್ದಕ್ಕೂ ಅದು ಒದರುತ್ತಿತ್ತು. ಮನ್ನಾಏಖೇಳಿ ದಾಟಿದ ಮೇಲೆ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಬುಟ್ಟಿಗೆ ಹೊದಿಸಿದರು. ಹಳೆಯ ಚೀಲದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎಲ್ಲಿಂದ ತರಬೇಕು?

ಬೆಂಗಳೂರಿಗೆ ಮರಳಿದ ಮೇಲೆ ಆ ಅರ್ಧ ಬಿಟ್ಟ ಫಾರ್ಮ್ ಮತ್ತೆ ತೆರೆದೆ. ಈ ಸಲ ಪ್ರಶ್ನೆಗಳು ಬೇರೆ ಥರ ಕಂಡವು. ಒಂದೊಂದು ಪ್ರಶ್ನೆಯ ಹಿಂದೆಯೂ ಯಾವುದೋ ಬೆಕ್ಕು ವಾಪಸ್ ಬಂದ ಕಥೆ ಇದೆ. ಮೂರನೇ ಮಹಡಿಯಿಂದ ಪಾರಿವಾಳದ ಹಿಂದೆ ಹಾರಿದ್ದು. ಮಾಲೀಕ ಬೈದ ಅಂತ ರಾತ್ರಿ ಗೇಟಿನ ಹೊರಗೆ ಬಿಟ್ಟದ್ದು. ಮದುವೆಯಾದ ಮೇಲೆ ಬೇಡವಾದದ್ದು.

"ಬೆಕ್ಕು ಎಲ್ಲಿಂದ ತರಲಿ?" ಅಂತ ಕೇಳುವ ಗೆಳೆಯರಿಗೆ ಈಗ ನಾನು ಹೇಳುವುದು ಇದು. ಅಂಗಡಿಯಿಂದ ತರುವುದಾದರೆ ಆ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯಾ ಕೇಳಿ; 2018ರ ನಿಯಮದಂತೆ ಅದು ಕಡ್ಡಾಯ. ಪರ್ಷಿಯನ್ ಕೂದಲು ದಿನಾ ಬಾಚಬೇಕು ಅನ್ನುವುದೂ ನೆನಪಿರಲಿ. ದತ್ತು ಸಂಸ್ಥೆಗಳಿವೆ, ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ, ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಹೈದರಾಬಾದಿನಲ್ಲಿ 1992ರಿಂದ ಬ್ಲೂ ಕ್ರಾಸ್. ಓಣಿಯಲ್ಲೇ ಬೆಕ್ಕುಗಳಿಗೆ ಊಟ ಹಾಕುವ ಒಬ್ಬ ಅಕ್ಕನೋ ಆಂಟಿಯೋ ಇರುತ್ತಾರೆ, ಅವರನ್ನು ಕೇಳಿ. ಇಲ್ಲವೇ ಊರಿಗೆ ಫೋನ್ ಮಾಡಿ. ಎಲ್ಲಿಂದ ತಂದರೂ ಲಸಿಕೆ ಬೇಕು: ಎಂಟು ವಾರದಿಂದ ಮೂರು ರೋಗಗಳ ಲಸಿಕೆ ಮತ್ತು ಬೂಸ್ಟರ್, ಮೂರು ತಿಂಗಳಿಗೆ ರೇಬೀಸ್. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಾಕುಪ್ರಾಣಿ ಪೂರ್ತಿ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಬಾಡಿಗೆ ಮನೆಯಾದರೆ ಮಾಲೀಕರ ಜೊತೆ ಮೊದಲೇ ಮಾತಾಡಿ, ಬೆಕ್ಕು ಬಂದ ಮೇಲೆ ಅಲ್ಲ.

ಇನ್ನೊಂದು, ನನ್ನಂಥ ಶಾಕಾಹಾರಿ ಮನೆಯವರಿಗೆ. ನಮ್ಮ ಮನೆಗೆ ತತ್ತಿ ಸಹ ತರುವುದಿಲ್ಲ. ಊರಿನ ಬೆಕ್ಕು ರೊಟ್ಟಿ-ಹಾಲಿನ ಮೇಲೆ ಬದುಕುತ್ತದೆ ಅಂತ ನಾವು ತಿಳಿದಿದ್ದೆವು. ಅದು ಹೊರಗೆ ಇಲಿ ತಿಂದು ಬದುಕುತ್ತಿತ್ತು. ಫ್ಲ್ಯಾಟಿನಲ್ಲಿ ಇಲಿ ಇಲ್ಲ. ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಬೆಕ್ಕಿಗೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಅದರ ಊಟ ಅದಕ್ಕೆ ಹಾಕಲು ಮನಸ್ಸು ಒಪ್ಪದಿದ್ದರೆ ಬೆಕ್ಕು ತರದಿರುವುದೇ ಒಳ್ಳೆಯದು.

ನಾನು ಫಾರ್ಮ್ ಪೂರ್ತಿ ತುಂಬಿದೆ, ಕಳಿಸಲಿಲ್ಲ. ನನಗೆ ನಾನೇ ಅಂಕ ಕೊಟ್ಟುಕೊಂಡೆ. ಬಲೆ ಇಲ್ಲ, ಮಾಲೀಕರನ್ನು ಕೇಳಿಲ್ಲ, ವಾರಕ್ಕೆ ಮೂರು ದಿನ ಆಫೀಸು. ಫೇಲು.

ಹೋದ ವಾರ ಮಾಲೀಕರು ಒಪ್ಪಿದರು. ಖುಷಿಯಿಂದ ಊರಿಗೆ ಫೋನ್ ಮಾಡಿ, ಮುಂದಿನ ಸಲ ಬಂದಾಗ ಮೂರು ಬಣ್ಣದ್ದನ್ನು ಕರೆದುಕೊಂಡು ಹೋಗ್ತೀನಿ ಅಂದೆ. ಫೋನ್ ಎತ್ತಿದ್ದು ಅಪ್ಪ. ಅದಕ್ಕೆ ಈಗ ಹೆಸರಿದೆಯಂತೆ, ತೊಗರಿ. ಅಪ್ಪ ಊಟಕ್ಕೆ ಕೂತರೆ ಪಕ್ಕದಲ್ಲಿ ಬಂದು ಕೂರುತ್ತದಂತೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಬಾಲ್ಕನಿಗಿ ಜಾಳಗಿ ಹಾಕ್ಸೀದೇನು? ಮೊದಲ ಫೋಟೊ ಕಳಸು. ಆಮ್ಯಾಲ ನೋಡೋಣು."